ಕುಂಬಳಕಾಯಿ ಒಡೆದ ಮೇಲಿನ ಶಾಟ್

"ಮೂಸಿ ನೋಡು," ಎಂದಳು ದೀಪಿಕ.

ಸಿಂಧು ಮೂಗು ಸಿಂಡರಿಸಿದಳು. ಮಳವಳ್ಳಿಯಿಂದ ಮೊದಲ ಬಸ್ಸು ಹಿಡಿದು, ಬಾಯಿಗೆ ಒಂದು ಗುಟುಕು ಕಾಫಿಯೂ ಬೀಳದೆ ವೈದ್ಯನಾಥಪುರದ ಹೊಳೆಯ ಮೆಟ್ಟಿಲಿಗೆ ಬಂದು ನಿಂತವಳ ಮುಖಕ್ಕೆ ಒಂದು ಜೊತೆ ಎಕ್ಕಡ ಹಿಡಿದರೆ ಯಾರಾದರೂ ಸಿಂಡರಿಸಲೇಬೇಕು. ಅದೂ ಸತ್ತವರದು ಎಂದು ಊರೆಲ್ಲ ಹೇಳುತ್ತಿರುವ ಎಕ್ಕಡ.

"ಟೀ ವಾಸನೆ ಬರ್ತಿದೆ," ಎಂದಳು ಕೊನೆಗೆ.

"ನಮ್ ತಾತ ಟೀ ಕುಡೀತಿತ್ತು ಕಣೆ. ಕಾಲಿಗೆ ಹಚ್ಕತಿರ್ಲಿಲ್ಲ."

ಒಂಬತ್ತು ದಿನದ ಹಿಂದೆ, ಭಾನುವಾರ ಸಂಜೆ, ದೀಪಿಕಳ ತಾತ ಜವರಯ್ಯ ಇದೇ ಮೆಟ್ಟಿಲಿನಿಂದ ಕಾಣೆಯಾಗಿದ್ದ. ಉಳಿದದ್ದು ಈ ಎಕ್ಕಡ ಮಾತ್ರ. ಶಿಂಷಾ ಹೊಳೆ ಅವತ್ತು ತುಂಬಿ ಹರಿಯುತ್ತಿತ್ತು. ಮುಳುಗುಗಾರರು ನಾಲ್ಕು ದಿನ ಜಾಲಾಡಿ ಕೈಚೆಲ್ಲಿದರು. ಕಳೆದ ವರ್ಷ ಕಬ್ಬಿನ ಗದ್ದೆಯ ಹತ್ತಿರ ನಡೆದ ಒಂದು ಕೊಲೆಗೆ ಮುದುಕನೊಬ್ಬನೇ ಸಾಕ್ಷಿ. ಬರುವ ಶುಕ್ರವಾರ ಕೋರ್ಟಿನಲ್ಲಿ ನಿಂತು ಹೇಳಬೇಕಿತ್ತು. ಹೆದರಿ ಹೊಳೆಗೆ ಬಿದ್ದಿದ್ದಾನೆ ಎಂದು ಪೊಲೀಸರು ಬರೆದುಕೊಂಡರು. ದೀಪಿಕಳ ಅಪ್ಪ ಶಿವರಾಜು ಎಕ್ಕಡ ನೋಡಿದವನೇ, ಕಣ್ಣು ಮಿಟುಕಿಸದೆ, "ಇದು ನಮ್ಮಪ್ಪಂದೇ" ಎಂದಿದ್ದ.

ನಾಳೆ ಬುಧವಾರ, ಹನ್ನೊಂದನೆಯ ದಿನ. ನಾಳೆ ತಿಥಿ. ಎಡೆಯ ಮುಂದೆ ಇಡಲಿ ಎಂದು ಪೊಲೀಸರು ನಿನ್ನೆ ಸಂಜೆ ಎಕ್ಕಡವನ್ನು ಮನೆಗೆ ಕಳಿಸಿಕೊಟ್ಟಿದ್ದರು. ತಿಥಿ ಮುಗಿದರೆ ಮುಗಿಯಿತು, ಆಮೇಲೆ ತಾತನನ್ನು ಹುಡುಕುವವರು ಯಾರೂ ಇರುವುದಿಲ್ಲ. ಹುಡುಕುವ ಆಸೆ ಉಳಿದಿದ್ದದ್ದೂ ದೀಪಿಕಳೊಬ್ಬಳಿಗೇ.

"ಡಿಕಾಕ್ಷನ್ ಹಚ್ಚಿ ಹಳೇದು ಮಾಡಿದ್ದು ನಾನೂ ನೀನೂ," ಎಂದಳು ದೀಪಿಕ. "ಇದು ತಾತುನ್ ಎಕ್ಕಡ ಅಲ್ಲ. ನಮ್ ಸಿನಿಮಾದ್ದು."

ಸಿಂಧು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಸಿನಿಮಾ ಎಂದರೆ ದೊಡ್ಡ ಮಾತು. ಹದಿನೆಂಟು ನಿಮಿಷದ ಕಿರುಚಿತ್ರ. ಭಾರತೀನಗರದ ಕಾಲೇಜಿನಲ್ಲಿ ಕೊನೆಯ ವರ್ಷ ಓದುವ ನಾಲ್ವರ ತಂಡ. ನಿರ್ದೇಶನ ಯತೀಶನದು, ಕ್ಯಾಮೆರಾ ವಂಶಿಯದು. ಹಿಂದಿನ ಶಾಟಿಗೂ ಮುಂದಿನ ಶಾಟಿಗೂ ಹೊಂದುವಂತೆ ಶಾಲು, ಎಕ್ಕಡ, ಮೀಸೆಗಳ ಲೆಕ್ಕ ಇಡುವ ಕಂಟಿನ್ಯುಟಿ ಸಿಂಧುವಿನದು. ಶಬ್ದ ದೀಪಿಕಳದು. ನಾಲ್ವರಿಗೂ ಒಬ್ಬನೇ ನಾಯಕ, ನಲವತ್ತು ವರ್ಷ ಪೌರಾಣಿಕ ನಾಟಕದಲ್ಲಿ ಗದೆ ತಿರುಗಿಸಿದ ಜವರಯ್ಯ.

ಪ್ರತಿ ಜಾಗದಲ್ಲೂ ಶೂಟಿಂಗ್ ಮುಗಿದ ಮೇಲೆ ದೀಪಿಕ ಎಲ್ಲರನ್ನೂ ಅಲುಗಾಡದಂತೆ ನಿಲ್ಲಿಸಿ ಒಂದು ನಿಮಿಷ ಬರೀ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಶಬ್ದದವರ ಪದ್ಧತಿ ಅದು. ಮಾತಿನ ನಡುವಿನ ಸಂದು ತುಂಬಲು ಆಯಾ ಜಾಗದ ಮೌನವೇ ಬೇಕು.

"ಏನೂ ಇಲ್ದಿರಾದ್ನ ಯಾಕವ್ವ ತುಂಬ್ಕತೀಯ?" ಎಂದು ತಾತ ಕೇಳಿದ್ದ.

"ಏನೂ ಇಲ್ಲ ಅನ್ನೋ ಜಾಗ ಎಲ್ಲೂ ಇಲ್ಲ ತಾತ. ಕಿವಿ ಕೊಟ್ರೆ ಏನಾದ್ರೂ ಇದ್ದೇ ಇರ್ತದೆ."

ಈಗಲೂ ಇತ್ತು. ಮಂಜಿನೊಳಗೆ ಎಲ್ಲೋ ಒಂದು ಎತ್ತಿನ ಕೊರಳ ಗಂಟೆ, ನೀರು ಕಲ್ಲು ನೆಕ್ಕುವ ಸದ್ದು, ದೇವಸ್ಥಾನದ ಬಾಗಿಲು ತೆರೆಯುವ ಕಿರ್ರೆಂಬ ಸದ್ದು. ಎದುರಿನ ದಡ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂಬತ್ತು ದಿನದಿಂದ ದೀಪಿಕ ಹೀಗೇ ಅರ್ಧ ಕನಸಿನಲ್ಲಿದ್ದಳು. ಎಚ್ಚರವಿದ್ದಾಗ ತಾತ ಇರುತ್ತಿರಲಿಲ್ಲ, ಕಣ್ಣು ಮುಚ್ಚಿದರೆ ಪಕ್ಕದಲ್ಲೇ ಕೆಮ್ಮುತ್ತಿದ್ದ.

"ಭಾನುವಾರದ ಫೋಟೋ ತೋರ್ಸು."

ಸಿಂಧು ಫೋನು ತೆಗೆದಳು. ಸಂಜೆ ಐದೂ ಮೂವತ್ತೈದು. ಕುಂಕುಮ ತುಂಬಿದ ಕುಂಬಳಕಾಯಿ ಮೆಟ್ಟಿಲ ಮೇಲೆ ನಾಲ್ಕು ಹೋಳಾಗಿ ಬಿದ್ದಿತ್ತು. ದೊಡ್ಡ ಸಿನಿಮಾದವರು ಚಿತ್ರೀಕರಣ ಮುಗಿದ ದಿನ ಕುಂಬಳಕಾಯಿ ಒಡೆಯುತ್ತಾರೆ ಎಂದಮೇಲೆ ಇವರು ಬಿಟ್ಟಾರೆಯೇ? ಯತೀಶನ ಹಿತ್ತಲಿಂದ ಒಂದನ್ನು ಹೊತ್ತು ತಂದಿದ್ದರು. ಒಡೆದ ಮೇಲೆ ಒಂದು ಶಾಟೂ ತೆಗೆಯುವಂತಿಲ್ಲ. ಆ ನಿಯಮವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವನು ತಾತ. ನಾಟಕದಲ್ಲಿ ಮಂಗಳ ಹಾಡಿದ ಮೇಲೆ ಯಾರಾದರೂ ವೇಷದಲ್ಲಿ ನಿಲ್ಲುತ್ತಾರೆಯೇ ಎಂದು ಗದರಿ, ಸಿನಿಮಾದ ಎಕ್ಕಡ ಬಿಟ್ಟು, ತನ್ನ ಟೈರಿನ ಮೆಟ್ಟು ಮೆಟ್ಟಿಕೊಂಡಿದ್ದ.

ಫೋಟೋದಲ್ಲಿ ಅದೂ ಇತ್ತು. ತಾತನ ಕಾಲಲ್ಲಿ ಟೈರಿನ ಮೆಟ್ಟು. ಸಿನಿಮಾದ ಎಕ್ಕಡ ಬಟ್ಟೆಯ ಚೀಲದಲ್ಲಿ.

"ಅಂದ್ರೆ ಚೀಲದಿಂದ ಇದನ್ನ ಯಾರೋ ಆಮೇಲೆ ತೆಗೆದಿದ್ದಾರೆ," ಎಂದಳು ಸಿಂಧು. ದನಿ ಇಳಿದಿತ್ತು.

"ಚೀಲ ಯಾರ ಹತ್ರ ಇತ್ತು?"

"ಯತೀಶನ ಬೈಕಲ್ಲಿ. ನಿನ್ನ ರೆಕಾರ್ಡರೂ ಅದರಲ್ಲೇ ಇತ್ತಲ್ವಾ?"

ದೀಪಿಕ ಫೋಟೋಗಳನ್ನು ಹಿಂದಕ್ಕೆ ಸರಿಸುತ್ತ ಹೋದಳು. ಶನಿವಾರ, ಶುಕ್ರವಾರ. ತಾತನ ಶಾಲಿನ ಮಡಿಕೆ, ತಾತನ ಮೀಸೆ. ಬೆರಳು ತಟ್ಟನೆ ನಿಂತಿತು. ತಾತನ ಹಿಂದೆ, ದೂರದ ಅರಳಿ ಮರದ ಕೆಳಗೆ, ಕಪ್ಪು ಛತ್ರಿ ಹಿಡಿದ ಒಬ್ಬ ಮನುಷ್ಯ. ಮೂರು ದಿನ ಮೂರು ಜಾಗ, ಆದರೆ ಅದೇ ಛತ್ರಿ. ಮಳೆ ಇರಲಿಲ್ಲ. ಮುಖ ಕಾಣುತ್ತಿರಲಿಲ್ಲ.

"ಇವ್ನು ಯಾರೆ?"

"ಗೊತ್ತಿಲ್ಲ ಕಣೆ. ಫ್ರೇಮಿನ ಹೊರಗಿದ್ದ, ನಾನು ನೋಡಲೇ ಇಲ್ಲ."

ಅದೇ ಆಗಿದ್ದು. ಸಿನಿಮಾದವರು ಚೌಕಟ್ಟಿನ ಒಳಗಿನ ಅಂಗಿ ಗುಂಡಿಯ ಲೆಕ್ಕ ಇಡುತ್ತಾರೆ, ಹೊರಗೆ ಆನೆ ಹೋದರೂ ಕಾಣುವುದಿಲ್ಲ.

ಸಿಂಧುವಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಸಾಲು ಕೆಂಪು ಶಾಯಿಯಲ್ಲಿ ಹೊಡೆದುಹಾಕಿತ್ತು. 'ಮೆಟ್ಟಿಲ ಮೇಲೆ ಎಕ್ಕಡ ಬಿಟ್ಟು ಮುದುಕ ಬರಿಗಾಲಲ್ಲಿ ಹೊರಟುಹೋಗುತ್ತಾನೆ.' ಹೊಳೆ ತುಂಬಿದೆ, ಮುದುಕರನ್ನು ನೀರಿನ ಹತ್ತಿರ ಬಿಡುವುದು ಬೇಡ ಎಂದು ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಕೈಬಿಟ್ಟ ಶಾಟ್ ಅದು.

ಎಲ್ಲರೂ ಎಂದರೆ ಮೂವರು. ಯತೀಶ ಮಾತ್ರ ಮುಖ ಊದಿಸಿಕೊಂಡಿದ್ದ.

*

ಯತೀಶ ಎಂಟು ದಿನದಿಂದ ಕಾಲೇಜಿಗೆ ಬಂದಿರಲಿಲ್ಲ. ಸಿಂಧುವನ್ನು ಕಾಲೇಜಿಗೆ ಕಳಿಸಿ ದೀಪಿಕ ಒಬ್ಬಳೇ ಅವನನ್ನು ಹುಡುಕಿ ಹೋದಳು. ಭಾರತೀನಗರದ ಆಚೆ ಅವನ ಸೋದರಮಾವ ಪುಟ್ಟರಾಜುವಿನ ಆಲೆಮನೆ. ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತ ಅಲ್ಲೇ ಕೂತಿದ್ದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಸಿಹಿ ಹಬೆ ಸೂರಿನವರೆಗೂ ತುಂಬಿ, ಒಳಗಿದ್ದವರು ಮೋಡದಲ್ಲಿ ಓಡಾಡುವವರಂತೆ ಕಾಣುತ್ತಿದ್ದರು. ಗಡ್ಡ ಬೆಳೆದಿದ್ದ ಯತೀಶನನ್ನು ದೀಪಿಕ ಗುರುತಿಸಿದ್ದು ಅವನ ಕೆಮ್ಮಿನಿಂದ.

ಅವಳು ಹತ್ತಿರ ಹೋಗಿ ಎಕ್ಕಡವನ್ನು ಅವನ ಮುಂದೆ ಇಟ್ಟಳು.

ಯತೀಶನ ಕೈಯಲ್ಲಿದ್ದ ಸಿಪ್ಪೆ ಜಾರಿತು.

"ಕುಂಬಳಕಾಯಿ ಒಡೆದ ಮೇಲೆ ಶಾಟ್ ತೆಗ್ದ್ಯಾ?"

"ಏನ್ ಶಾಟು? ಯಾವ್ ಶಾಟು?"

"ಯತಿ, ನಾಳೆ ನಮ್ ತಾತುನ್ ತಿಥಿ. ಸುಳ್ಳು ಹೇಳಾದಾದ್ರೆ ನಾಡಿದ್ದು ಹೇಳು."

ಅವನು ಒಲೆಯ ಕಡೆ ತಿರುಗಿದ. ಭುಜ ಅಲುಗತೊಡಗಿತು. ಅಳುವ ಗಂಡಸರನ್ನು ಕಂಡರೆ ದೀಪಿಕಳಿಗೆ ಆಗದು, ಆದರೆ ಇವತ್ತು ಕನಿಕರವಾಯಿತು. ಒಂಬತ್ತು ದಿನದಿಂದ ಅತ್ತವಳಿಗೆ ಅಳುವಿನ ಭಾರ ಗೊತ್ತಿರುತ್ತದೆ.

"ನಾನ್ ಕೇಳ್ನಿಲ್ಲ ಕಣೆ ದೀಪು. ಮಾದೇಶ್ವರನಾಣೆ. ತಾತುನೇ ಕರುದ್ದು."

"ತಾತ? ಮಂಗಳ ಆದ್ಮೇಲೆ ಬಣ್ಣದ ಪೆಟ್ಟಿಗೇನೂ ಮುಟ್ಟದ ತಾತ?"

"ನೀವು ಮೂರು ಜನ ಅತ್ಲಾಗೆ ಒಂಟ ಮ್ಯಾಕೆ ಏಳ್ತು. 'ಆ ಎಕ್ಕಡದ ಶಾಟು ಇಲ್ದಿದ್ರೆ ನಿನ್ ಸಿನ್ಮಾ ಸಪ್ಪೆ ಕಣ್ಲಾ. ಯಾರ್ಗೂ ಏಳ್ಬ್ಯಾಡ, ಆರು ಗಂಟ್ಗೆ ಬಾ' ಅಂತು. ನಂಗೂ ಆಸೆ ಇತ್ತು. ಆರು ಗಂಟ್ಗೆ ಓದೆ. ಫೋನಲ್ಲೇ ತೆಗ್ದೆ."

"ಆಮೇಲೆ?"

"ಕಟ್ ಅಂದೆ. ತಾತ ತಿರುಗ್ನೇ ಇಲ್ಲ. ಕೂಗ್ದೆ. ರೋಡುಗಂಟ ಓಡೋಗಿ ನೋಡ್ದೆ. ಅರ್ಧ ಗಂಟೆ ಬುಟ್ಟು ಬಂದ್ರೆ ಎಕ್ಕಡ ಅಂಗೇ ಅದೆ, ತಾತ ಇಲ್ಲ." ಅವನು ಮೂಗು ಒರೆಸಿಕೊಂಡ. "ಅದ್ನ ಮುಟ್ಟಕೆ ಕೈ ಬರ್ನಿಲ್ಲ. ನಾನೇ ಸಾಯ್ಸ್‌ಬುಟ್ಟೆ ಅಂತ ಊರ್ಗೆಲ್ಲ ಎಂಗೆ ಏಳ್ಲಿ?"

"ವಿಡಿಯೋ ತೋರ್ಸು."

ಐವತ್ತು ಸೆಕೆಂಡು. ಕಂದು ಬೆಳಕು, ಹೊಳೆ, ಮೆಟ್ಟಿಲು. ತಾತ ಶಾಲು ಹೊದ್ದು ಬರುತ್ತಾನೆ. ಎಕ್ಕಡ ಬಿಡುತ್ತಾನೆ. ಹೊಳೆಯನ್ನೊಮ್ಮೆ ನೋಡುತ್ತಾನೆ. ಬರಿಗಾಲಲ್ಲಿ ಚೌಕಟ್ಟಿನಿಂದ ಹೊರಗೆ ನಡೆಯುತ್ತಾನೆ. ತಾತನ ನಡಿಗೆಯನ್ನು ಇನ್ನೊಮ್ಮೆ ನೋಡುತ್ತೇನೆ ಎಂದು ಅವಳು ಅಂದುಕೊಂಡೇ ಇರಲಿಲ್ಲ.

ಇನ್ನೊಮ್ಮೆ ಹಾಕಿದಳು. ಮತ್ತೊಮ್ಮೆ.

"ಯತಿ, ತಾತ ಹೋಗಿದ್ದು ಹೊಳೆ ಕಡೆ ಅಲ್ಲ. ತೆಂಗಿನ ತೋಟದ ಕಡೆ."

"ಫ್ರೇಮಿಂದ ಆಚೆ ಓಗ್ಬೇಕಲ್ಲ, ಅದ್ಕೆ..."

"ಇಲ್ನೋಡು. ಶಾಲಿನ ಕೆಳಗೆ, ಕಂಕುಳಲ್ಲಿ."

ಅವನು ಬಗ್ಗಿದ. ಶಾಲಿನ ಅಂಚಿನಿಂದ ಕಪ್ಪಗೆ ಏನೋ ಇಣುಕುತ್ತಿತ್ತು. ಟೈರಿನ ಅಟ್ಟೆ. ತಾತನ ಸ್ವಂತ ಮೆಟ್ಟು.

"ಸಾಯಕ್ಕೆ ಹೋಗೋರು ಯಾರಾದ್ರೂ ಕಂಕುಳಲ್ಲಿ ಮೆಟ್ಟು ಮಡಿಕಂಡು ಹೋಗ್ತಾರೇನೋ?"

ದೀಪಿಕ ನಕ್ಕಳು. ಒಂಬತ್ತು ದಿನದಲ್ಲಿ ಮೊದಲ ನಗು. ನಗುತ್ತಲೇ ಬೆಲ್ಲದ ಅಚ್ಚಿನ ಮಣೆಯ ಮೇಲೆ ಕೂತಳು. ತಾತ ಬದುಕಿದ್ದಾನೆ. ಹಬೆ, ಒಲೆ, ಕುದಿಯುವ ಹಾಲು ಎಲ್ಲವೂ ಅದನ್ನೇ ಹೇಳುತ್ತಿರುವಂತೆ ಕೇಳಿಸಿತು.

ಖುಷಿ ಬಂದಾಗ ಬುದ್ಧಿ ಒಂದು ಹೆಜ್ಜೆ ಹಿಂದೆ ಉಳಿಯುತ್ತದೆ. ಅವಳು ವಿಡಿಯೋವನ್ನು ತನ್ನ ಫೋನಿಗೆ ಹಾಕಿಸಿಕೊಂಡು, ನಾಲ್ವರ ಗುಂಪಿಗೆ ಟೈಪು ಮಾಡಿದಳು. 'ತಾತ ಹೊಳೆಗೆ ಬಿದ್ದಿಲ್ಲ. ಬದುಕಿದ್ದಾರೆ. ವಿಡಿಯೋ ನನ್ನ ಹತ್ತಿರ ಇದೆ. ನಾಳೆ ತಿಥಿ ನಿಲ್ಲಿಸ್ತೀನಿ.' ಹನ್ನೊಂದೂ ಐವತ್ತಕ್ಕೆ ಸಂದೇಶ ಹೋಯಿತು.

ಹೊರಡುವಾಗ ಕೇಳಿದಳು: "ಸೌಂಡು ತಗಂಡಿದ್ಯಾ?"

"ತಗಂಡಿದ್ದೆ. ನಿನ್ ಮಿಷನ್ನ ಕಂಬದ ಹಿಂದೆ ಮಡ್ಗಿದ್ದೆ, ಫ್ರೇಮಿಗೆ ಬರ್ದೇ ಇರ್ಲಿ ಅಂತ. ಗುಂಡಿ ಒತ್ದೆ, ಕೆಂಪು ದೀಪ ಮಿಣುಕ್ತು. ಶಾಟ್ ಆದ್ಮೇಲೆ ಇನ್ನೊಂದ್ ಕಿತ ಒತ್ದೆ, ನಿಂತೋಯ್ತು."

"ನಿಂತೋಯ್ತಾ? ದೀಪ ಆರೋಯ್ತಾ?"

"ಇಲ್ಲ. ಮಿಣುಕಾದು ನಿಂತೋಯ್ತು. ಸುಮ್ಕೆ ಉರೀತಾ ಇತ್ತು."

ದೀಪಿಕ ಬಾಗಿಲಲ್ಲೇ ನಿಂತಳು.

ಶಬ್ದದವರು ಮೊದಲ ದಿನವೇ ಕಲಿಯುವ ಪಾಠ ಅದು. ಆ ರೆಕಾರ್ಡರಿನ ಗುಂಡಿ ಒಮ್ಮೆ ಒತ್ತಿದರೆ ಬರೀ ಸಿದ್ಧವಾಗುತ್ತದೆ, ದೀಪ ಮಿಣುಕುತ್ತದೆ. ಇನ್ನೊಮ್ಮೆ ಒತ್ತಿದಾಗಲೇ ರೆಕಾರ್ಡಿಂಗ್ ಶುರು. ಯತೀಶ ನಿಲ್ಲಿಸಿದೆ ಎಂದುಕೊಂಡ ಗಳಿಗೆಯಲ್ಲಿ ಶುರುಮಾಡಿದ್ದ. ಶಾಟಿನ ಒಂದು ಸದ್ದೂ ಅದರಲ್ಲಿ ಇರುವುದಿಲ್ಲ. ಶಾಟ್ ಮುಗಿದ ಮೇಲಿನದೆಲ್ಲ ಇರುತ್ತದೆ.

ತಾತ ಕಾಣೆಯಾದ ಮರುದಿನವೇ ಯತೀಶ ರೆಕಾರ್ಡರಿದ್ದ ಆ ಚೀಲವನ್ನು ಅವಳ ಮನೆಯ ಜಗುಲಿಯಲ್ಲಿ ಇಟ್ಟು ಹೋಗಿದ್ದ. ದುಃಖದಲ್ಲಿ ಅವಳು ಅದನ್ನು ಬಿಚ್ಚಿಯೇ ಇರಲಿಲ್ಲ.

*

ಮನೆ ಮುಂದೆ ಚಪ್ಪರ ಎದ್ದಿತ್ತು. ಅಪ್ಪ ಬಾಳೆ ಎಲೆ ಎಣಿಸುತ್ತಿದ್ದ. ಮಗಳನ್ನು ಕಂಡು, "ಎಲ್ಲೋಗಿದ್ದವ್ವ? ಉಂಡ್ಯಾ?" ಎಂದ. ಅವನ ಕಣ್ಣು ಕೆಂಪಗಿತ್ತು. ಆ ಭಾನುವಾರ ಇಡೀ ದಿನ ಮಳವಳ್ಳಿಯಲ್ಲಿದ್ದೆ, ಊರಲ್ಲೇ ಇದ್ದಿದ್ದರೆ ನಮ್ಮಪ್ಪನನ್ನು ಉಳಿಸಿಕೊಳ್ಳುತ್ತಿದ್ದೆ ಎಂದು ಬಂದವರಿಗೆಲ್ಲ ಹೇಳಿ ಹೇಳಿ ದನಿ ಬಿದ್ದುಹೋಗಿತ್ತು.

ಅಪ್ಪನಿಗೆ ಈಗಲೇ ಹೇಳಿಬಿಡಲೇ ಎಂದುಕೊಂಡಳು. ಬೇಡ, ತಾತನ ದನಿಯನ್ನೇ ಕೇಳಿಸಿಬಿಡೋಣ ಎಂದು ಚೀಲ ಹಿಡಿದು ಅಟ್ಟ ಹತ್ತಿದಳು.

ಬ್ಯಾಟರಿ ಸತ್ತಿತ್ತು, ಹೊಸದು ಹಾಕಿದಳು. ಅವಳು ಮಾಡಿದ್ದ ಕೊನೆಯ ಫೈಲು ನಲವತ್ತೇಳು, ಕುಂಬಳಕಾಯಿ ಒಡೆದದ್ದು. ಅದರ ಕೆಳಗೆ ನಲವತ್ತೆಂಟು ಇತ್ತು.

ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದಳು.

ಹೊಳೆ. ಗೂಡಿಗೆ ಮರಳುವ ಹಕ್ಕಿಗಳು. ಯತೀಶನ ಕೂಗು, "ತಾತೋ!" ಅವನ ಓಟ ದೂರವಾಯಿತು. ಆಮೇಲೆ ಏನೂ ಇಲ್ಲ. ಏನೂ ಇಲ್ಲದ ಒಂದು ನಿಮಿಷ, ಎರಡು ನಿಮಿಷ. ಮಂಜಿನ ಬೆಳಗಿನಿಂದ ಇಲ್ಲಿಯವರೆಗೆ ಬಂದ ದಾರಿಯೆಲ್ಲ ಆ ಮೌನದಲ್ಲಿ ಕರಗಿದಂತಾಯಿತು.

ಎಡಗಿವಿಯಲ್ಲಿ ಟೈರಿನ ಮೆಟ್ಟಿನ ಸರಕ್ ಸರಕ್.

ದೀಪಿಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಓಗ್ಬುಟ್ನಾ ಆ ಉಡ್ಗ?" ಎಂದಿತು ಒಂದು ದನಿ.

"ಓದ. ತಡಿ, ಎಕ್ಕಡ ಸೊಟ್ಟುಗವೆ. ನೀರಿನ ಕಡೀಕೆ ಮಕ ಮಾಡಿ ಮಡುಗ್ಬೇಕು. ನೋಡ್ದೋರು ನಂಬ್ಬೇಕಲ್ಲ."

ಇದು ತಾತ. ಮೊದಲ ದನಿ ಯಾರದೆಂದು ಅವಳ ಕಿವಿಗೆ ಗೊತ್ತಾಗಿತ್ತು. ಮನಸ್ಸು ಒಪ್ಪಲು ಇನ್ನೊಂದು ಮಾತು ಬೇಕಾಯಿತು.

"ಅಪ್ಪ, ದೀಪುಗಾದ್ರೂ ಏಳ್‌ಬುಡಾನ. ಸತ್ತೋಗ್ತದೆ ಅತ್ತು ಅತ್ತು."

"ಬ್ಯಾಡ ಕಣ್ಲಾ ಶಿವ. ನೀನೂ ನಾನೂ ನಾಟ್ಕ ಆಡ್ತೀವಿ. ಅದ್ರ ಅಳು ಒಂದಾದ್ರೂ ದಿಟವಾಗಿರ್ಬೇಕು. ಅದ್ನ ನೋಡೇ ಆ ಛತ್ರಿಯೋನು ನಂಬಾದು."

ತಾತ ಕೆಮ್ಮಿದ. ದೀಪಿಕಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸಂತೋಷವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ನನ್ನ ಅಳುವನ್ನು ಹೀಗೆ ಬಳಸಿಕೊಂಡೆಯಾ ತಾತ?

"ನಾವು ಎಲ್ಲಿ ಶೂಟಿಂಗ್ ಮಾಡುದ್ರೂ ಅವ್ನು ಮೊದ್ಲೇ ಬಂದು ನಿಂತಿರ್ತಾನೆ," ತಾತ ಮುಂದುವರಿಸಿದ. "ಐಕ್ಳಲ್ಲಿ ಯಾವ್ದೋ ಒಂದು ಅವುನ್ಗೆ ಸುದ್ದಿ ಮುಟ್ಟುಸ್ತಾ ಅದೆ. ಯಾವ್ದು ಅಂತ ತಿಳೀನಿಲ್ಲ. ನಾನು ಸತ್ತೋದೆ ಅಂದ್ರೆ ಅವ್ನು ನಿರುಮ್ಮಳ. ತಿಥಿ ಆದ್ಮೇಲಿನ ಶುಕ್ರವಾರ ಕೋರ್ಟಲ್ಲಿ ನಾನೇ ಎದ್ದು ನಿಂತ್ಕತೀನಿ. ಅಲ್ಲೀಗಂಟ ನಾನು ಎಣ. ಬದ್ಕಿವ್ನಿ ಅಂತ ಗೊತ್ತಾಯ್ತೋ, ಅವತ್ತೇ ದಿಟವಾದ ತಿಥಿ."

"ಎಲ್ಲಿರ್ತೀಯ?"

"ನಿಂಗೂ ಏಳಾಕಿಲ್ಲ. ಆದ್ರೆ ತಿಥಿ ದಿಸ ಬತ್ತೀನಿ. ನಲವತ್ತು ವರ್ಸ ಯಾಸ ಕಟ್ಟಿವ್ನಿ, ನನ್ ತಿಥಿಗೆ ನಾನೇ ಬರ್ದಿದ್ರೆ ಎಂಗ್ಲಾ?"

ಇಬ್ಬರೂ ಮೆಲ್ಲಗೆ ನಕ್ಕರು. ಅಪ್ಪನ ನಗುವಿನ ತಳದಲ್ಲಿ ಒಂದು ನಡುಕವಿತ್ತು.

ದೀಪಿಕ ಹೆಡ್‌ಫೋನು ಕಿತ್ತಳು. ಫೋನು ಹುಡುಕಿ ತೆಗೆದಳು. ಹನ್ನೊಂದೂ ಐವತ್ತರ ಸಂದೇಶ ಅಲ್ಲೇ ಇತ್ತು. 'ಬದುಕಿದ್ದಾರೆ.' ಪಕ್ಕದಲ್ಲಿ ಎರಡು ನೀಲಿ ಗೆರೆ. ಮೂವರೂ ಓದಿದ್ದರು.

ಯತೀಶ ಕೈ ಮುಗಿದ ಚಿತ್ರ ಹಾಕಿದ್ದ. ಸಿಂಧು, 'ದೇವರು ದೊಡ್ಡವನು! ಎಲ್ಲಿದ್ದಾರೆ?' ಎಂದು ಬರೆದಿದ್ದಳು. ವಂಶಿ, 'ವಿಡಿಯೋ ಯಾರಿಗೂ ಕಳಿಸಬೇಡ, ನಾನು ಬರ್ತೀನಿ' ಎಂದಿದ್ದ. ಗೆಳೆಯರು ಬರೆಯುವಂಥ ಮಾತುಗಳೇ. ಮೂರರಲ್ಲಿ ಒಂದು ಗೆಳೆತನದ್ದಲ್ಲ.

ಅಳಿಸಿಹಾಕಲು ಬೆರಳು ಇಟ್ಟಳು. ಓದಿದ್ದನ್ನು ಅಳಿಸಿ ಏನು ಬಂತು?

ಚಪ್ಪರದ ಕಡೆಯಿಂದ ಅಪ್ಪ ಕೂಗಿದ.

"ದೀಪೂ, ಇಳ್ದು ಬಾ ಕಣವ್ವ. ನಿನ್ ಸಿನ್ಮಾದ ಜತೆಯೋರು ಬಂದವ್ರೆ. ಛತ್ರಿ ಇಟ್ಕಂಡಿರೋ ಇನ್ಯಾರೋ ಒಬ್ರೂ ಅವ್ರೆ. ತಾತುನ್ ವಿಡಿಯೋ ನೋಡ್ಬೇಕಂತೆ."

ಬೇರೆ ಯಾರಿಗೂ ಆ ದನಿಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ದೀಪಿಕಳಿಗೆ ಕೇಳಿಸಿತು. ನಲವತ್ತೆಂಟನೆಯ ಫೈಲಿನಲ್ಲಿದ್ದ ಅದೇ ನಡುಕ.

ಅವಳು ರೆಕಾರ್ಡರಿನ ಮೆಮೊರಿ ಕಾರ್ಡನ್ನು ತೆಗೆದು ಜಡೆಯೊಳಗೆ ಸಿಕ್ಕಿಸಿದಳು. ವಿಡಿಯೋವನ್ನು ಫೋನಿನಿಂದ ಅಳಿಸಿದಳು. ಈಗ ಕೆಳಗಿಳಿದು, ತಾತ ಸತ್ತದ್ದು ನಿಜ, ಆಸೆಗೆ ಬಿದ್ದು ಏನೇನೋ ಬರೆದೆ ಎಂದು ಎದೆ ಬಡಿದುಕೊಂಡು ಅಳಬೇಕಿತ್ತು. ಛತ್ರಿಯವನು ನಂಬುವಂತೆ ಅಳಬೇಕಿತ್ತು.

ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಒಂಬತ್ತು ದಿನ ಹಗಲೂ ರಾತ್ರಿ ನಿಲ್ಲದೆ ಬಂದ ಕಣ್ಣೀರು, ಕರೆದರೂ ಬರಲಿಲ್ಲ.